ಏಳಲೊಲ್ಲದ ಯಂತ್ರ

ಮನೆಯೊಳಗಿನ ಯಾವ ಯಂತ್ರ ಕೆಟ್ಟರೂ ಅದಕ್ಕೊಂದು ಪ್ರತ್ಯುಪಾಯವುಂಟು. ಮಿಕ್ಸರು ನಿಂತರೆ ಒರಳಿದೆ. ಒರಳನ್ನು ಎಂದೋ ಮಾರಿಕೊಂಡವರಿಗೆ ಪಕ್ಕದ ಮನೆಯ ಮಿಕ್ಸರಿದೆ. ನೀರೆತ್ತುವ ಪಂಪು ಮುನಿದರೆ ಬೀದಿಯ ತುದಿಯಿಂದ ಎರಡು ಕೊಡ ನೀರು ತಂದು ಅಂದಿನ ಅಡುಗೆ ಮುಗಿಸಬಹುದು. ಆದರೆ ಬೆಳಗಿನ ಒಂಬತ್ತು ಗಂಟೆಗೆ ಮನೆಯ ಮಗಳು ಕಚೇರಿಯ ಕೆಲಸಕ್ಕೆಂದು ಮೇಜಿನ ಮುಂದೆ ಕುಳಿತು ಲ್ಯಾಪ್‌ಟಾಪಿನ ಗುಂಡಿಯನ್ನೊತ್ತಿದಾಗ ಅದು ಏಳಲೊಲ್ಲದೆ ಹೋದರೆ, ಆಗ ಆ ಮನೆಯಲ್ಲಿ ಹಬ್ಬುವ ಗಲಿಬಿಲಿಯನ್ನು ಕಂಡವರೇ ಬಲ್ಲರು. "ಇನ್ನೊಂದು ಸಲ ಒತ್ತಿ ನೋಡು" ಎಂದು ತಾಯಿ ಹೇಳುತ್ತಾರೆ. "ನಿನ್ನೆ ರಾತ್ರಿ ಸರಿಯಾಗಿಯೇ ಇತ್ತಲ್ಲ" ಎಂದು ತಂದೆ ಸಾಕ್ಷಿ ನುಡಿಯುತ್ತಾರೆ. ತಮ್ಮನಾದವನು ಬಂದು, ಯಾರೂ ಕೇಳದಿದ್ದರೂ, ಎರಡು ಬಾರಿ ಅದರ ಬೆನ್ನು ತಟ್ಟಿ ನೋಡುತ್ತಾನೆ. ಅಷ್ಟು ಹೊತ್ತಿಗೆ ಗುಂಡಿಯನ್ನು ಹದಿನೈದು ಬಾರಿ ಒತ್ತಿ ಆಗಿರುತ್ತದೆ. ಆದರೆ ಯಂತ್ರ ಎಲ್ಲಿಯವರೆಗೆ ಎದ್ದಿತು, ಎಲ್ಲಿ ನಿಂತಿತು ಎಂಬುದನ್ನು ಒಬ್ಬರೂ ಗಮನಿಸಿರುವುದಿಲ್ಲ.

ಗಮನಿಸಬೇಕಾದುದು ಅದೊಂದನ್ನೇ. 'ಲ್ಯಾಪ್‌ಟಾಪು ಏಳುತ್ತಿಲ್ಲ' ಎಂಬ ಮಾತು 'ಮಗು ಅಳುತ್ತಿದೆ' ಎಂಬ ಮಾತಿನಷ್ಟೇ ಅಸ್ಪಷ್ಟವಾದುದು. ಹಸಿವೋ, ಕಿವಿನೋವೋ, ಇರುವೆ ಕಚ್ಚಿತೋ ಎಂದು ನೋಡದೆ ಎಲ್ಲಕ್ಕೂ ಗ್ರೈಪ್ ವಾಟರು ಕುಡಿಸುವವರು ಹಿಂದೆ ಇದ್ದರು. ಇಂದು ಎಲ್ಲ ಲ್ಯಾಪ್‌ಟಾಪಿಗೂ 'ಫಾರ್ಮ್ಯಾಟ್' ಎಂಬ ಒಂದೇ ಔಷಧವನ್ನು ಹೇಳುವವರು ಇದ್ದಾರೆ. ಮೊದಲನೆಯದರಿಂದ ಮಗುವಿಗೆ ವಿಶೇಷ ಹಾನಿಯಿರಲಿಲ್ಲ. ಎರಡನೆಯದರಿಂದ ಹತ್ತು ವರ್ಷಗಳ ಭಾವಚಿತ್ರ, ಬರವಣಿಗೆ, ಲೆಕ್ಕಪತ್ರಗಳೆಲ್ಲ ಒಂದು ಗಂಟೆಯಲ್ಲಿ ಇಲ್ಲವಾಗುತ್ತವೆ.

ತನ್ನ ಹೆಗಲನ್ನು ತಾನೇ ಏರುವ ವಿದ್ಯೆ

ಗಣಕಯಂತ್ರ ಎಚ್ಚರಗೊಳ್ಳುವ ಕ್ರಿಯೆಗೆ 'ಬೂಟ್' ಎಂಬ ಹೆಸರು ರೂಢಿಯಲ್ಲಿದೆ. ಕಾಲಿನ ಬೂಟಿಗೂ ಇದಕ್ಕೂ ಏನು ಸಂಬಂಧವೆಂದು ಕೆಲವರಾದರೂ ಯೋಚಿಸಿರಬಹುದು. ಸಂಬಂಧ ನಿಜವಾಗಿಯೂ ಇದೆ. ಎತ್ತರದ ಬೂಟುಗಳಿಗೆ, ಹಾಕಿಕೊಳ್ಳುವಾಗ ಹಿಡಿದೆಳೆಯಲೆಂದು ಒಂದು ಪಟ್ಟಿಯಿರುತ್ತದೆ, ಅದೇ ಬೂಟ್‌ಸ್ಟ್ರಾಪ್. ಆ ಪಟ್ಟಿಯನ್ನು ಹಿಡಿದೆಳೆದು ತನ್ನನ್ನು ತಾನೇ ನೆಲದಿಂದ ಮೇಲೆತ್ತಿಕೊಳ್ಳುವುದೆಂದರೆ ಆಗದ ಕೆಲಸವೆಂದು ಇಂಗ್ಲಿಷಿನವರ ನುಡಿಗಟ್ಟು. ಎಷ್ಟೇ ಪಳಗಿದ ನಟನಾದರೂ ತನ್ನ ಹೆಗಲ ಮೇಲೆ ತಾನೇ ಏರಲಾರನೆಂದು ನಮ್ಮ ದಾರ್ಶನಿಕರು ದೃಷ್ಟಾಂತ ಕೊಡುವುದುಂಟು. ಎರಡರ ತಾತ್ಪರ್ಯವೂ ಒಂದೇ. ಗಣಕಯಂತ್ರ ದಿನವೂ ಬೆಳಿಗ್ಗೆ ಮಾಡಬೇಕಾದುದು ಈ ಆಗದ ಕೆಲಸವನ್ನೇ.

ಹೇಗೆಂದರೆ, ಯಂತ್ರ ಕೆಲಸ ಮಾಡುವುದು ರ‍್ಯಾಮ್ ಎಂಬ ಸ್ಮೃತಿಯಲ್ಲಿರುವ ಆಜ್ಞೆಗಳನ್ನು ಓದಿ. ವಿದ್ಯುತ್ತು ನಿಂತೊಡನೆ ಆ ಸ್ಮೃತಿ ಬರಿದಾಗುತ್ತದೆ. ಬೆಳಿಗ್ಗೆ ಗುಂಡಿಯೊತ್ತಿದಾಗ ಅದರಲ್ಲಿ ಏನೂ ಇರುವುದಿಲ್ಲ. ಆಜ್ಞೆಗಳೆಲ್ಲ ಡಿಸ್ಕಿನಲ್ಲಿ ಭದ್ರವಾಗಿವೆಯಷ್ಟೆ. ಆದರೆ ಡಿಸ್ಕಿನಿಂದ ಅವನ್ನು ತರಬೇಕಾದರೆ 'ಹೀಗೆ ತಾ' ಎಂಬ ಆಜ್ಞೆ ಮೊದಲು ಬೇಕು. ಆ ಮೊದಲ ಆಜ್ಞೆಯನ್ನು ತರುವವರಾರು?

ಹಿಂದಿನ ಕಾಲದಲ್ಲಿ ಅದನ್ನು ಮನುಷ್ಯನೇ ತರುತ್ತಿದ್ದ. ೧೯೭೫ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಲ್ಟೇರ್ ೮೮೦೦ ಎಂಬ ಪುಟ್ಟ ಗಣಕದ ಮುಖದ ಮೇಲೆ ಸಾಲಾಗಿ ಸ್ವಿಚ್ಚುಗಳಿದ್ದವು. ಯಂತ್ರವನ್ನು ಹಚ್ಚಿದಾಗಲೆಲ್ಲ ಆ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಮೊದಲ ಕೆಲವು ಆಜ್ಞೆಗಳನ್ನು ಕೈಯಿಂದಲೇ ತುಂಬಬೇಕಾಗಿತ್ತು. ಆ ಯಂತ್ರಕ್ಕಾಗಿ ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಎಂಬ ಇಬ್ಬರು ತರುಣರು 'ಬೇಸಿಕ್' ಭಾಷೆಯ ಕ್ರಮವಿಧಿಯೊಂದನ್ನು ಸಿದ್ಧಪಡಿಸಿದರು. ಅದನ್ನು ತೋರಿಸಲೆಂದು ಆಲ್ಬುಕರ್ಕಿಗೆ ಹೊರಟ ಆಲೆನ್, ವಿಮಾನ ಇಳಿಯುವ ಹೊತ್ತಿಗೆ ಒಂದು ಸಂಗತಿಯನ್ನು ಜ್ಞಾಪಿಸಿಕೊಂಡ: ಕ್ರಮವಿಧಿ ಸಿದ್ಧವಿದೆ, ಅದನ್ನು ಯಂತ್ರದೊಳಕ್ಕೆ ಇಳಿಸುವ ಮೊದಲ ಆಜ್ಞೆಗಳನ್ನೇ ಬರೆದಿಲ್ಲ! ಕುಳಿತಲ್ಲಿಯೇ, ಒಂದು ಕಾಗದದ ಮೇಲೆ ಅವನ್ನು ಬರೆದು ಮುಗಿಸಿದ. ಅವು ಕೆಲಸ ಮಾಡಿದವು. ಮೈಕ್ರೋಸಾಫ್ಟ್ ಎಂಬ ಸಂಸ್ಥೆ ಹುಟ್ಟಿದ್ದು ಆ ವರ್ಷವೇ.

ಈಗ ಸ್ವಿಚ್ಚುಗಳ ಸಾಲು ಇಲ್ಲ. ಮೊದಲ ಆಜ್ಞೆಗಳನ್ನು ವಿದ್ಯುತ್ತು ಹೋದರೂ ಅಳಿಯದ ಒಂದು ಪುಟ್ಟ ಚಿಪ್ಪಿನಲ್ಲಿ ಬರೆದು ಯಂತ್ರದೊಳಗೇ ಕೂರಿಸಿರುತ್ತಾರೆ. ೧೯೮೧ರ ಐ.ಬಿ.ಎಂ. ಗಣಕದ ಕಾಲದಿಂದ ಇದಕ್ಕೆ 'ಬಯಾಸ್' ಎಂಬ ಹೆಸರು ಮನೆಮಾತಾಯಿತು. ಈಚಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಅದರ ಉತ್ತರಾಧಿಕಾರಿಯಾದ ಯು.ಇ.ಎಫ್.ಐ.; ಆದರೂ ರಿಪೇರಿಯವರ ಬಾಯಲ್ಲಿ ಅದು ಇನ್ನೂ ಬಯಾಸೇ. ಗುಂಡಿಯೊತ್ತಿದೊಡನೆ ಇದು ಎದ್ದು, ರ‍್ಯಾಮ್ ಇದೆಯೇ, ಕೀಲಿಮಣೆ ಇದೆಯೇ, ಪರದೆ ಇದೆಯೇ ಎಂದು ಮನೆಯ ಹಿರಿಯರಂತೆ ಎಲ್ಲರನ್ನೂ ಒಮ್ಮೆ ವಿಚಾರಿಸಿಕೊಳ್ಳುತ್ತದೆ. ಕಂಪನಿಯ ಲಾಂಛನ ಪರದೆಯ ಮೇಲೆ ಮೂಡುವುದು ಈ ಹೊತ್ತಿನಲ್ಲಿ. ಬಳಿಕ ಡಿಸ್ಕಿನಲ್ಲಿ ತನಗೆ ಗೊತ್ತಿರುವ ಜಾಗಕ್ಕೆ ಹೋಗಿ, ಅಲ್ಲಿರುವ ಸಣ್ಣ ಕ್ರಮವಿಧಿಯೊಂದನ್ನು ಎಬ್ಬಿಸುತ್ತದೆ. ಅದು ವಿಂಡೋಸನ್ನು ಎಬ್ಬಿಸುತ್ತದೆ. ವಿಂಡೋಸು ತನ್ನ ಪರಿವಾರವನ್ನೆಲ್ಲ ಎಬ್ಬಿಸಿ, ಕೊನೆಗೆ ನಿಮ್ಮ ಗುಪ್ತಪದವನ್ನು ಕೇಳುತ್ತದೆ.

ಒಬ್ಬರನ್ನೊಬ್ಬರು ಎಬ್ಬಿಸುವ ಈ ಸಾಲಿನಲ್ಲಿ ಏಳದವರು ಯಾರು ಎಂಬುದೇ ರೋಗನಿದಾನ.

ದೀಪವೇ ಇಲ್ಲದಿದ್ದಾಗ

ಗುಂಡಿಯೊತ್ತಿದರೆ ದೀಪವಿಲ್ಲ, ಫ್ಯಾನಿನ ಸದ್ದಿಲ್ಲ, ಏನೂ ಇಲ್ಲ ಎಂದಾದರೆ ತಪ್ಪು ವಿಂಡೋಸಿನದಲ್ಲ, ಡಿಸ್ಕಿನದೂ ಅಲ್ಲ. ಅಲ್ಲಿಯವರೆಗೆ ಯಂತ್ರ ಹೋಗಿಯೇ ಇಲ್ಲ. ಗೋಡೆಯ ಸಾಕೆಟ್ಟಿಗೆ ಬೇರೆ ದೀಪವೊಂದನ್ನು ಹಾಕಿ ನೋಡುವುದು ಹಾಸ್ಯಾಸ್ಪದವೆನಿಸಬಹುದು. ಆದರೆ ಸ್ವಿಚ್ಚು ಹಾಕದ ಸಾಕೆಟ್ಟಿನಿಂದಾಗಿ ಅಂಗಡಿಯವರೆಗೆ ಪ್ರಯಾಣ ಮಾಡಿ ಬಂದ ಲ್ಯಾಪ್‌ಟಾಪುಗಳು ಕಡಿಮೆಯೇನಲ್ಲ. ಚಾರ್ಜರಿನ ಮೇಲೆ ದೀಪವಿದ್ದರೆ ಅದನ್ನು ನೋಡಿ. ಗೋಡೆಗೆ ಸಿಕ್ಕಿಸಿದಾಗ ಉರಿಯುವ ದೀಪ, ಲ್ಯಾಪ್‌ಟಾಪಿಗೆ ಚುಚ್ಚಿದೊಡನೆ ಆರಿಹೋದರೆ, ಚಾರ್ಜರು ಸೋತಿದೆ, ಇಲ್ಲವೇ ಲ್ಯಾಪ್‌ಟಾಪಿನೊಳಗೆ ಎಲ್ಲಿಯೋ ಶಾರ್ಟ್ ಆಗಿದೆ. ಆಗ ಪದೇ ಪದೇ ಚುಚ್ಚಿ ತೆಗೆಯಬಾರದು.

ಈಚಿನ ತೆಳು ಲ್ಯಾಪ್‌ಟಾಪುಗಳಿಗೂ ಮೊಬೈಲಿಗೂ ಒಂದೇ ಬಗೆಯ ಟೈಪ್-ಸಿ ತಂತಿಯಾದುದರಿಂದ ಹೊಸದೊಂದು ತೊಡಕು ಹುಟ್ಟಿದೆ. ಹದಿನೆಂಟು ಇಪ್ಪತ್ತು ವಾಟಿನ ಮೊಬೈಲ್ ಚಾರ್ಜರನ್ನು, ೬೫ ವಾಟು ಬೇಡುವ ಲ್ಯಾಪ್‌ಟಾಪಿಗೆ ಚುಚ್ಚಿ ಇಟ್ಟು, ರಾತ್ರಿಯೆಲ್ಲ ಚಾರ್ಜ್ ಆಗಿದೆಯೆಂದು ಭಾವಿಸುತ್ತಾರೆ. ಗಿಂಡಿಯ ನೀರಿನಿಂದ ಗದ್ದೆ ನೆನೆಯದು. ಚಾರ್ಜರಿನ ಬೆನ್ನ ಮೇಲೆ ಎಷ್ಟು ವೋಲ್ಟು, ಎಷ್ಟು ವಾಟು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಲ್ಯಾಪ್‌ಟಾಪಿನ ಹೊಟ್ಟೆಯ ಮೇಲೂ ಬರೆದಿರುವುದುಂಟು. ಎರಡನ್ನೂ ಹೋಲಿಸಿ ನೋಡುವುದಕ್ಕೆ ಅಜ್ಜನ ಕನ್ನಡಕವಷ್ಟೇ ಬೇಕು.

ಇವೆಲ್ಲ ಸರಿಯಿದ್ದೂ ಯಂತ್ರ ನಿರ್ಜೀವವಾಗಿದ್ದರೆ ಮಾಡಬಹುದಾದ ಒಂದು ಉಪಾಯವುಂಟು. ಮಂತ್ರದಂತೆ ತೋರಿದರೂ ಅದಕ್ಕೆ ಕಾರಣವಿದೆ. ಲ್ಯಾಪ್‌ಟಾಪಿನೊಳಗೆ ವಿದ್ಯುತ್ತಿನ ಮೇಲ್ವಿಚಾರಣೆಗೆಂದೇ ಒಂದು ಸಣ್ಣ ಚಿಪ್ಪಿದೆ. ಯಂತ್ರ ಆರಿರುವಾಗಲೂ ಅದು ಎಚ್ಚರವಾಗಿದ್ದು, ಗುಂಡಿಯನ್ನು ಯಾರು ಒತ್ತುತ್ತಾರೆಂದು ಕಾಯುತ್ತಿರುತ್ತದೆ. ಕರೆಂಟು ಹೋಗಿ ಬಂದು ಮಾಡುವಾಗ ಒಮ್ಮೊಮ್ಮೆ ಈ ಕಾವಲುಗಾರನಿಗೇ ಮಂಕು ಕವಿಯುತ್ತದೆ. ಚಾರ್ಜರನ್ನು ಕಿತ್ತು, ತೆಗೆಯಬಹುದಾದ ಬ್ಯಾಟರಿಯಿದ್ದರೆ ಅದನ್ನೂ ತೆಗೆದು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ, ಒಳಗೆ ಉಳಿದ ಅಲ್ಪಸ್ವಲ್ಪ ವಿದ್ಯುತ್ತು ಇಳಿದುಹೋಗಿ ಕಾವಲುಗಾರ ಹೊಸದಾಗಿ ಕೆಲಸಕ್ಕೆ ನಿಲ್ಲುತ್ತಾನೆ. ಬಳಿಕ ಚಾರ್ಜರನ್ನು ಮಾತ್ರ ಚುಚ್ಚಿ ಗುಂಡಿಯೊತ್ತಬೇಕು. ಸತ್ತಿತೆಂದು ತಿಳಿದಿದ್ದ ಯಂತ್ರಗಳು ಇದರಿಂದ ಎದ್ದು ಕುಳಿತದ್ದುಂಟು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಲ್ಯಾಪ್‌ಟಾಪು ಮೇಜಿನ ಮೇಲೆ ಸಮನಾಗಿ ಕೂರದೆ ಒಲಾಡುತ್ತಿದ್ದರೆ, ಅಥವಾ ಅಂಗೈಯಿಡುವ ಜಾಗ ಉಬ್ಬಿಬಂದಿದ್ದರೆ, ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿದೆಯೆಂದು ತಿಳಿಯಬೇಕು. ಅದು ಬೆಂಕಿಗೆ ಆಹ್ವಾನ. ಆ ಯಂತ್ರಕ್ಕೆ ಚಾರ್ಜರನ್ನು ಹಚ್ಚಕೂಡದು, ಒತ್ತಿ ಸಮ ಮಾಡಲೂಕೂಡದು. ಬಲ್ಲವರಿಂದ ಬ್ಯಾಟರಿ ತೆಗೆಸಿದ ಮೇಲೆಯೇ ಮುಂದಿನ ಮಾತು.

ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು ಎಂಬುದು ಇನ್ನೊಂದು ಸ್ಥಿತಿ. ಕೋಣೆಯನ್ನು ಕತ್ತಲು ಮಾಡಿ ಪರದೆಯ ಮೇಲೆ ಓರೆಯಾಗಿ ಟಾರ್ಚು ಬಿಟ್ಟು ನೋಡಿ. ಮಸುಕಾಗಿ ಚಿತ್ರ ಕಂಡರೆ ಯಂತ್ರ ಎದ್ದಿದೆ, ಪರದೆಯ ಹಿಂಬೆಳಕು ಮಾತ್ರ ಹೋಗಿದೆ. ಮನೆಯ ಟೀವಿಗೆ ಎಚ್.ಡಿ.ಎಂ.ಐ. ತಂತಿಯಿಂದ ಜೋಡಿಸಿದರೆ ಸಂಶಯ ಪೂರ್ತಿ ನಿವಾರಣೆಯಾಗುತ್ತದೆ. ಟೀವಿಯಲ್ಲೂ ಏನೂ ಬಾರದೆ, ಕ್ಯಾಪ್ಸ್ ಲಾಕ್ ದೀಪವೋ ಚಾರ್ಜಿಂಗ್ ದೀಪವೋ ಒಂದು ಲೆಕ್ಕದಲ್ಲಿ ಮಿನುಗುತ್ತಿದ್ದರೆ, ಬಯಾಸು ತನ್ನ ದೂರನ್ನು ಸಂಜ್ಞೆಯಲ್ಲಿ ಹೇಳುತ್ತಿದೆಯೆಂದರ್ಥ. ಎಷ್ಟು ಸಲ ಮಿನುಗಿ ನಿಲ್ಲುತ್ತದೆಂದು ಎಣಿಸಿ ಬರೆದುಕೊಳ್ಳಿ. ಕಂಪನಿ ಕಂಪನಿಗೂ ಈ ಲೆಕ್ಕ ಬೇರೆಯಾದರೂ, ಅವರ ಕೈಪಿಡಿಯಲ್ಲಿ ಅದರ ಅರ್ಥ ಸಿಗುತ್ತದೆ. ಅನೇಕ ವೇಳೆ ದೂರು ರ‍್ಯಾಮಿನ ಮೇಲಿರುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲದ ತೇವಕ್ಕೆ ಅದರ ತುದಿಗಳು ಮಂಕಾಗಿ, ಗಾಡಿಯಲ್ಲಿ ಸರಿಯಾಗಿ ತಾಗುವುದಿಲ್ಲ. ರಿಪೇರಿಯವರು ಅದನ್ನು ಕಿತ್ತು, ಶಾಲೆಯ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಕೂರಿಸಿ ಹಣ ಪಡೆಯುತ್ತಾರೆ. ಅದರಲ್ಲಿ ಮೋಸವಿಲ್ಲ. ಎಲ್ಲಿ ಉಜ್ಜಬೇಕೆಂದು ತಿಳಿದಿರುವುದಕ್ಕೂ ಒಂದು ಬೆಲೆಯಿದೆಯಷ್ಟೆ. ಈಚಿನ ಹಲವು ಯಂತ್ರಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ರಬ್ಬರಿಗೆ ಕೆಲಸವಿಲ್ಲ.

ಮೇಷ್ಟರ ಹಾಡುಗಳು

ಲಾಂಛನ ಮೂಡಿತು, ಆಮೇಲೆ ಕಪ್ಪು ಪರದೆಯ ಮೇಲೆ 'ಬೂಟ್ ಡಿವೈಸ್ ನಾಟ್ ಫೌಂಡ್' ಎಂದೋ ಅದೇ ಅರ್ಥದ ಬೇರೆ ಮಾತೋ ಬಂದಿತು. ಜನರ ಎದೆ ನಿಜವಾಗಿ ಧಸಕ್ಕೆನ್ನುವುದು ಈ ಹಂತದಲ್ಲಿ. ಆದರೆ ಈ ಮಾತಿನ ಅರ್ಥ 'ನಿನ್ನ ಕಡತಗಳೆಲ್ಲ ಹೋದವು' ಎಂದಲ್ಲ. 'ಮುಂದಿನವರನ್ನು ಎಬ್ಬಿಸಲು ಹೋದೆ, ಬಾಗಿಲು ಸಿಗಲಿಲ್ಲ' ಎಂದಷ್ಟೇ.

ನಮ್ಮ ಬಡಾವಣೆಯಲ್ಲಿ ಒಬ್ಬ ನಿವೃತ್ತ ಮೇಷ್ಟರಿದ್ದಾರೆ. ಹಳ್ಳಿಯ ಶಾಲೆಗಳಲ್ಲಿ ಕೆಲಸ ಮಾಡಿದಷ್ಟು ಕಾಲವೂ, ಆ ಊರುಗಳ ಹೆಂಗಸರಿಂದ ಸೋಬಾನೆಯ ಪದ, ಬೀಸುವಾಗಿನ ಪದ, ಮಗು ತೂಗುವ ಪದಗಳನ್ನು ಕೇಳಿ ನೋಟುಪುಸ್ತಕಗಳಲ್ಲಿ ಬರೆದುಕೊಂಡು ಬಂದವರು. ನಿವೃತ್ತರಾದ ಮೇಲೆ, ಮಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಬೆರಳಿನಿಂದ ಅವನ್ನು 'ನುಡಿ' ಅಕ್ಷರಗಳಲ್ಲಿ ಅಚ್ಚು ಮಾಡತೊಡಗಿದರು. ಆರುನೂರಕ್ಕೆ ಮಿಕ್ಕ ಹಾಡುಗಳಾದವು. ಗೆದ್ದಲು ಹಿಡಿದ ನೋಟುಪುಸ್ತಕಗಳಲ್ಲಿ ಅರ್ಧದಷ್ಟನ್ನು, ಇನ್ನೇಕೆ ಬೇಕು, ಒಳಗೆ ಸೇರಿತಲ್ಲ ಎಂದು, ಮನೆ ಬದಲಿಸುವಾಗ ಹಾಕಿಬಿಟ್ಟಿದ್ದರು.

ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ಗೋಡೆಯ ವಿದ್ಯುತ್ತಿನಿಂದಲೇ ಅದು ನಡೆಯುತ್ತಿತ್ತು. ಆಷಾಢದ ಒಂದು ಸಂಜೆ, ವಿಂಡೋಸು ತನ್ನನ್ನು ತಾನು ನವೀಕರಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿಯೇ ಕರೆಂಟು ಹೋಯಿತು. ಮರುದಿನ ಬೆಳಿಗ್ಗೆ ಲಾಂಛನ ಬಂದಿತು, ಬಳಿಕ ಕಪ್ಪು ಪರದೆ. ಅಂಗಡಿಯೊಂದಕ್ಕೆ ಕೊಂಡೊಯ್ದರು. "ಡಿಸ್ಕ್ ಹೋಗಿದೆ ಸಾರ್, ಫಾರ್ಮ್ಯಾಟ್ ಮಾಡಿ ಕೊಡ್ತೀವಿ" ಎಂದರಂತೆ. ಹೋಗಿರುವ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು ಹೇಗೆ, ಫಾರ್ಮ್ಯಾಟ್ ಮಾಡಲು ಬರುವ ಡಿಸ್ಕು ಹೋಗಿರುವುದು ಹೇಗೆ ಎಂದು ಮೇಷ್ಟರು ಕೇಳಲಿಲ್ಲ. ಆದರೆ ಯಂತ್ರವನ್ನು ಅಲ್ಲಿ ಬಿಡಲೂ ಇಲ್ಲ. ಚೀಲದಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದು ಕುಳಿತರು. "ಹಾಡಿದವರಲ್ಲಿ ಈಗ ಬಹಳ ಜನ ಇಲ್ಲ ನೋಡಿ" ಎಂದರು. ಕಾಫಿಯನ್ನು ಮುಟ್ಟಲಿಲ್ಲ.

ಮೊದಲು ಕಿವಿಗೊಟ್ಟು ಕೇಳಿದೆ. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ ೫೪೦೦ ಸುತ್ತು ತಿರುಗುವ ತಟ್ಟೆಗಳಿದ್ದು, ಅವುಗಳ ಮೇಲೆ, ತಲೆಗೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು ಎತ್ತರದಲ್ಲಿ ಓದುವ ಮುಳ್ಳು ತೇಲುತ್ತಿರುತ್ತದೆ. ಅದು ತಟ್ಟೆಗೆ ತಗುಲಿದರೆ ಟಕ್ ಟಕ್ ಎಂಬ ಸದ್ದು ಬರುತ್ತದೆ. ಆ ಸದ್ದು ಕೇಳಿದರೆ ಮತ್ತೊಮ್ಮೆ ಗುಂಡಿಯೊತ್ತಬಾರದು. ಒತ್ತಿದ ಪ್ರತಿಯೊಂದು ಸಲವೂ ಮುಳ್ಳು ತಟ್ಟೆಯನ್ನು ಗೀರಿ, ಉಳಿದಿದ್ದುದನ್ನೂ ಅಳಿಸುತ್ತದೆ. ಅಂಥ ಡಿಸ್ಕು ದತ್ತಾಂಶ ಹೊರತೆಗೆಯುವುದನ್ನೇ ಕಸುಬು ಮಾಡಿಕೊಂಡವರ ಬಳಿಗೆ ನೇರವಾಗಿ ಹೋಗಬೇಕು. ಈಚಿನ ಎಸ್.ಎಸ್.ಡಿ.ಗಳಲ್ಲಿ ತಿರುಗುವ ಭಾಗವಿಲ್ಲ; ಅವು ಕೆಡುವಾಗ ಸದ್ದು ಮಾಡುವುದಿಲ್ಲ, ಎಚ್ಚರಿಕೆಯನ್ನೂ ಕೊಡದೆ ಹೋಗುವುದುಂಟು. ಮೇಷ್ಟರ ಡಿಸ್ಕು ಹಳೆಯ ಬಗೆಯದು. ಸದ್ದು ಸಮವಾಗಿ, ಮೃದುವಾಗಿ ಇತ್ತು.

ಯಂತ್ರ ಏಳುವಾಗ ಎಫ್ ೨, ಎಫ್ ೧೨, ಎಸ್ಕೇಪ್ ಮುಂತಾದ ಕೀಲಿಗಳಲ್ಲಿ ಆಯಾ ಕಂಪನಿಗೆ ತಕ್ಕುದನ್ನು ಒತ್ತಿದರೆ ಬಯಾಸಿನ ಒಳಕೋಣೆ ತೆರೆಯುತ್ತದೆ. ಅಲ್ಲಿ ಡಿಸ್ಕಿನ ಹೆಸರೂ ಅಳತೆಯೂ ಸರಿಯಾಗಿ ಬರೆದಿತ್ತು. ಎಂದಮೇಲೆ ಬಯಾಸಿಗೆ ಡಿಸ್ಕು ಕಾಣುತ್ತಿದೆ, ಅದರಲ್ಲಿರುವ ವಿಂಡೋಸಿನ ಬಾಗಿಲು ಮಾತ್ರ ಸಿಗುತ್ತಿಲ್ಲ. ಯಾವುದಾದರೂ ಪೆನ್‌ಡ್ರೈವು ಬದಿಯಲ್ಲಿ ಸಿಕ್ಕಿಕೊಂಡು ದಾರಿ ತಪ್ಪಿಸುತ್ತಿದೆಯೇ ಎಂದೂ ನೋಡಿದ್ದಾಯಿತು. ಫ್ಲಾಪಿಗಳ ಕಾಲದಲ್ಲಿ ಮರೆತು ಒಳಗೆ ಬಿಟ್ಟ ಫ್ಲಾಪಿ ಮಾಡುತ್ತಿದ್ದ ಕಿತಾಪತಿಯನ್ನು ಈಗ ಮರೆತ ಪೆನ್‌ಡ್ರೈವು ಮಾಡುವುದುಂಟು. ಇಲ್ಲಿ ಅಂಥದೇನೂ ಇರಲಿಲ್ಲ.

ಇಂಥ ಸಮಯಕ್ಕೆ ಒದಗುವುದು ಲಿನಕ್ಸ್. ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಂಡು, ಬೇರೊಂದು ಗಣಕದ ಸಹಾಯದಿಂದ ಪೆನ್‌ಡ್ರೈವಿನಲ್ಲಿ ಕೂರಿಸಿಕೊಳ್ಳಬಹುದು. ಕೆಟ್ಟ ಯಂತ್ರವನ್ನು ಆ ಪೆನ್‌ಡ್ರೈವಿನಿಂದಲೇ ಎಬ್ಬಿಸಿದರೆ, ಒಳಗಿನ ಡಿಸ್ಕನ್ನು ಒಂದು ಪೆಟ್ಟಿಗೆಯಂತೆ ತೆರೆದು ನೋಡಲು ಬರುತ್ತದೆ. ಆಗ ಪರದೆಯ ಮೇಲೆ ಎರಡು ದಾರಿ ತೋರುತ್ತವೆ: ಒಂದು 'ಟ್ರೈ', ಇನ್ನೊಂದು 'ಇನ್‌ಸ್ಟಾಲ್'. ಮೊದಲನೆಯದು ಡಿಸ್ಕನ್ನು ಮುಟ್ಟುವುದಿಲ್ಲ. ಎರಡನೆಯದು ಡಿಸ್ಕನ್ನು ಒರೆಸಿ ತಾನೇ ಅಲ್ಲಿ ಮನೆ ಮಾಡಬಹುದು. ಒಂದು ಪದದ ಅಂತರದಲ್ಲಿ ಆರುನೂರು ಹಾಡುಗಳು.

'ಟ್ರೈ' ಒತ್ತಿ, ಹತ್ತು ನಿಮಿಷದಲ್ಲಿ ಮೇಷ್ಟರ ಕಡತಗಳ ಪಟ್ಟಿ ಕಣ್ಣಮುಂದೆ ಬಂದಿತು. ಊರೂರಿನ ಹೆಸರಿನಲ್ಲಿ ಒಂದೊಂದು ಫೋಲ್ಡರು. ಮೇಷ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಒಂದನ್ನು ತೆರೆಯಿರಿ" ಎಂದರು. ತೆರೆದರೆ, ಪುಟದ ತುಂಬ ಇಂಗ್ಲಿಷಿನ ಅಕ್ಷರ, ಚಿಹ್ನೆ, ಅರ್ಥವಿಲ್ಲದ ಗೀಚು! ಕನ್ನಡದ ಒಂದು ಅಕ್ಷರವೂ ಇಲ್ಲ. ಮೇಷ್ಟರ ಮುಖ ಬಿಳಿಚಿತು. "ಹೋಯಿತೆ?" ಎಂದರು.

ಹೋಗಿರಲಿಲ್ಲ. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಪದ್ಧತಿ ಕನ್ನಡದಲ್ಲಿ ಬಳಕೆಗೆ ಬರುವ ಮೊದಲು, ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಬರೆದ ಹಳೆಯ ಕಡತಗಳು ಒಳಗೆ ರೋಮನ್ ಅಕ್ಷರಗಳ ಸಂಕೇತವನ್ನೇ ಉಪಯೋಗಿಸುತ್ತವೆ. ಅವುಗಳಿಗೆ ಕನ್ನಡದ ವೇಷ ಹಾಕುವುದು ಫಾಂಟು. ಲಿನಕ್ಸಿನಲ್ಲಿ ಆ ಫಾಂಟು ಇರಲಿಲ್ಲವಾದ್ದರಿಂದ ಪಾತ್ರಗಳು ವೇಷವಿಲ್ಲದೆ ರಂಗಕ್ಕೆ ಬಂದಿದ್ದವು. ವಿಂಡೋಸಿನದೇ ಫೋಲ್ಡರಿನಿಂದ ಆ ಫಾಂಟಿನ ಕಡತವನ್ನು ತಂದು ಹಾಕಿದೊಡನೆ, ಅದೇ ಪುಟದಲ್ಲಿ ಹಾಡು ಕಾಣಿಸಿತು. ಮೇಷ್ಟರು ಅದನ್ನು ಓದಲಿಲ್ಲ. ಮೆಲ್ಲಗೆ, ಧಾಟಿಯಲ್ಲಿಯೇ, ಎರಡು ಸಾಲು ಗುನುಗಿದರು. ಕಾಫಿ ಆರಿಹೋಗಿತ್ತು, ಮತ್ತೊಂದು ಲೋಟ ತರಿಸಿದ್ದಾಯಿತು.

ಎಲ್ಲವನ್ನೂ ಎರಡು ಬೇರೆ ಬೇರೆ ಪೆನ್‌ಡ್ರೈವುಗಳಿಗೆ ನಕಲು ಮಾಡಿದ ಬಳಿಕವೇ ವಿಂಡೋಸನ್ನು ಸರಿಪಡಿಸುವ ಕೆಲಸಕ್ಕೆ ಕೈಹಚ್ಚಿದ್ದು. ಈ ಕ್ರಮವನ್ನು ತಲೆಕೆಳಗು ಮಾಡಬಾರದು. ರಿಪೇರಿ ಎಂದರೆ ಡಿಸ್ಕಿನ ಮೇಲೆ ಬರೆಯುವುದು. ನಕಲು ಎಂದರೆ ಡಿಸ್ಕಿನಿಂದ ಓದುವುದು. ಓದಿ ಮುಗಿಯುವವರೆಗೂ ಬರೆಯುವ ಮಾತಿಲ್ಲ. ಆಮೇಲೆ, ವಿಂಡೋಸಿನದೇ ಇನ್ನೊಂದು ಪೆನ್‌ಡ್ರೈವಿನಿಂದ 'ಸ್ಟಾರ್ಟಪ್ ರಿಪೇರ್' ನಡೆಸಿದಾಗ, ಕಳೆದುಹೋದ ಬಾಗಿಲನ್ನು ಅದು ಮತ್ತೆ ಕಟ್ಟಿಕೊಂಡಿತು. ಹೊಸ ಡಿಸ್ಕು ಬೇಕಾಗಲಿಲ್ಲ.

ಎಂಬತ್ತೈದು ಲಕ್ಷ ನೀಲಿ ಪರದೆಗಳು

ಬಾಗಿಲು ಸಿಕ್ಕಿ, ವಿಂಡೋಸು ಏಳತೊಡಗಿ, ಚುಕ್ಕಿಗಳ ಚಕ್ರ ತಿರುಗುತ್ತ ನಿಂತರೆ ಅಥವಾ ನೀಲಿ ಪರದೆ ಬಂದು ಯಂತ್ರ ಮತ್ತೆ ಮೊದಲಿನಿಂದ ಶುರುವಾದರೆ, ಅದು ಕೊನೆಯ ಹಂತದ ಕಾಯಿಲೆ. ಇದು ಎಷ್ಟು ದೊಡ್ಡ ಪ್ರಮಾಣದಲ್ಲಿ ಆಗಬಲ್ಲದೆಂದು ಜಗತ್ತು ನೋಡಿದ್ದು ೨೦೨೪ರ ಜುಲೈ ೧೯ರ ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆ, ಗಣಕಗಳನ್ನು ಕಳ್ಳರಿಂದ ಕಾಯುವ ತನ್ನ ತಂತ್ರಾಂಶಕ್ಕೆ ಒಂದು ಸಣ್ಣ ಕಡತವನ್ನು ಕಳಿಸಿತು. ಆ ಕಡತದಲ್ಲಿ ದೋಷವಿತ್ತು. ಕಾವಲಿನ ತಂತ್ರಾಂಶವಾದುದರಿಂದ ಅದು ವಿಂಡೋಸು ಏಳುವಾಗ ಬಹಳ ಬೇಗ ಏಳುತ್ತದೆ. ಎದ್ದೊಡನೆ ದೋಷದ ಕಡತವನ್ನು ಓದುತ್ತದೆ. ಓದಿದೊಡನೆ ವಿಂಡೋಸು ಕುಸಿಯುತ್ತದೆ. ಮತ್ತೆ ಏಳುತ್ತದೆ, ಮತ್ತೆ ಕುಸಿಯುತ್ತದೆ. ಮೈಕ್ರೋಸಾಫ್ಟಿನ ಅಂದಾಜಿನಂತೆ ೮೫ ಲಕ್ಷ ಯಂತ್ರಗಳು ಹೀಗೆ ಬಿದ್ದವು. ಆಸ್ಪತ್ರೆ, ಬ್ಯಾಂಕು, ವಿಮಾನ ನಿಲ್ದಾಣಗಳು ನಿಂತವು. ನಮ್ಮ ದೇಶದಲ್ಲಿಯೂ ವಿಮಾನ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಡಬೇಕಾಯಿತು.

ವಿಚಿತ್ರವೆಂದರೆ, ಸಂಸ್ಥೆ ಆ ಕಡತವನ್ನು ೭೮ ನಿಮಿಷಗಳಲ್ಲಿಯೇ ಹಿಂತೆಗೆದುಕೊಂಡು ಸರಿಯಾದುದನ್ನು ಇಟ್ಟಿತ್ತು. ಆದರೆ ಸರಿಯಾದುದನ್ನು ತರಿಸಿಕೊಳ್ಳಲು ಯಂತ್ರ ಎದ್ದಿರಬೇಕಲ್ಲ! ಬಿದ್ದ ಯಂತ್ರಗಳಲ್ಲಿ ಬಹುಪಾಲಿನ ಬಳಿಗೆ ಮನುಷ್ಯನೇ ಹೋಗಿ, 'ಸೇಫ್ ಮೋಡ್' ಎಂಬ ದಾರಿಯಲ್ಲಿ ಅದನ್ನು ಎಬ್ಬಿಸಿ, ಆ ಒಂದು ಕಡತವನ್ನು ಕೈಯಿಂದ ಅಳಿಸಬೇಕಾಯಿತು. ಪಾಲ್ ಆಲೆನ್ನನ ಸ್ವಿಚ್ಚುಗಳ ಕಾಲಕ್ಕೂ ಈ ಕಾಲಕ್ಕೂ ಹೆಚ್ಚು ಅಂತರವಿಲ್ಲವೆಂದು ಅಂದು ಅನೇಕ ಎಂಜಿನಿಯರರಿಗೆ ಅನ್ನಿಸಿರಬೇಕು.

ಮನೆಯ ಲ್ಯಾಪ್‌ಟಾಪಿಗೂ ದಾರಿ ಇದೇ. ಎರಡು ಮೂರು ಬಾರಿ ಏಳುವ ಪ್ರಯತ್ನ ಅರ್ಧಕ್ಕೆ ನಿಂತರೆ, ವಿಂಡೋಸು ತಾನಾಗಿಯೇ ದುರಸ್ತಿಯ ಕೋಣೆಗೆ ಹೋಗುತ್ತದೆ. ಅಲ್ಲಿ 'ಟ್ರಬಲ್‌ಶೂಟ್', ಬಳಿಕ 'ಅಡ್ವಾನ್ಸ್ಡ್ ಆಪ್ಷನ್ಸ್'. ಮೊದಲು ಸ್ಟಾರ್ಟಪ್ ರಿಪೇರ್ ಮಾಡಿ ನೋಡಬೇಕು. ಹಿಂದಿನ ದಿನವಷ್ಟೇ ನವೀಕರಣವಾಗಿದ್ದರೆ ಅದನ್ನು ಕಿತ್ತುಹಾಕುವ ಅನುಕೂಲವೂ ಅಲ್ಲಿಯೇ ಇದೆ. ಸೇಫ್ ಮೋಡಿನಲ್ಲಿ ವಿಂಡೋಸು ತೀರ ಅಗತ್ಯವಾದ ಪರಿವಾರವನ್ನಷ್ಟೇ ಕರೆದುಕೊಂಡು ಏಳುತ್ತದೆ. ಹಾಗೆ ಏಳುವುದಾದರೆ ದೋಷ ಡಿಸ್ಕಿನದಲ್ಲ. ಈಚೆಗೆ ಸೇರಿಸಿದ ಯಾವುದೋ ತಂತ್ರಾಂಶದ್ದೋ ಚಾಲಕದ್ದೋ ಇರಬೇಕು. 'ರೀಸೆಟ್' ಎಂಬುದನ್ನು ಕೊನೆಗೆ ಇಟ್ಟುಕೊಳ್ಳಿ. ಅದರಲ್ಲಿ 'ಕೀಪ್ ಮೈ ಫೈಲ್ಸ್' ಎಂದೂ 'ರಿಮೂವ್ ಎವ್ರಿಥಿಂಗ್' ಎಂದೂ ಎರಡು ಬಗೆ. ಆತುರದ ಬೆರಳಿಗೆ ಎರಡೂ ಒಂದೇ.

ಇನ್ನೊಂದು ಸಂಗತಿ. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಈಚೆಗೆ, ನಾವು 'ಶಟ್ ಡೌನ್' ಮಾಡಿದಾಗ ಅನೇಕ ಯಂತ್ರಗಳು ಪೂರ್ತಿ ಆರುವುದಿಲ್ಲ. ಮರುದಿನ ಬೇಗ ಏಳಲೆಂದು ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿಗೆ ಬರೆದಿಟ್ಟುಕೊಳ್ಳುತ್ತವೆ. ನಿನ್ನೆಯ ಗೊಂದಲವೂ ಅದರೊಂದಿಗೆ ಇಂದಿಗೆ ಬರುತ್ತದೆ. 'ರೀಸ್ಟಾರ್ಟ್' ಮಾಡಿದಾಗ ಹಾಗಲ್ಲ, ಎಲ್ಲವೂ ಹೊಸದಾಗಿ ಏಳುತ್ತದೆ. ದಿನವೂ ಆರಿಸುತ್ತಿದ್ದೇನಲ್ಲ ಎನ್ನುವವರು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡುವುದರಲ್ಲಿ ಅರ್ಥವಿದೆ.

ನಲವತ್ತೆಂಟು ಅಂಕಿಗಳು

ಮೇಷ್ಟರ ಯಂತ್ರ ಹಳೆಯದಾಗಿದ್ದುದೇ ಒಂದು ಭಾಗ್ಯ. ವಿಂಡೋಸ್ ೧೧ ಇರುವ ಹೊಸ ಲ್ಯಾಪ್‌ಟಾಪುಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕೊಡನೆ, ಡಿಸ್ಕಿನಲ್ಲಿರುವುದೆಲ್ಲ ಗೂಢಲಿಪಿಗೆ ಮಾರ್ಪಡುವ ಏರ್ಪಾಡು ಸಾಮಾನ್ಯವಾಗಿದೆ. ಲ್ಯಾಪ್‌ಟಾಪು ಕಳುವಾದರೆ ಕಳ್ಳನಿಗೆ ಏನೂ ದಕ್ಕದಿರಲೆಂಬುದು ಉದ್ದೇಶ. ಒಳ್ಳೆಯದೇ. ಆದರೆ ಯಂತ್ರ ಏಳದಿದ್ದಾಗ ಲಿನಕ್ಸಿಗೂ ಏನೂ ದಕ್ಕುವುದಿಲ್ಲ. ಆಗ ನೀಲಿ ಪರದೆಯ ಮೇಲೆ ಅದು ಕೇಳುವುದು ೪೮ ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು. ಕ್ರೌಡ್‌ಸ್ಟ್ರೈಕಿನ ದಿನ ಅನೇಕ ಕಚೇರಿಗಳಲ್ಲಿ ಕೆಲಸ ಇನ್ನಷ್ಟು ತಡವಾದುದು ಈ ಕೀಲಿಗಳನ್ನು ಹುಡುಕುವುದರಲ್ಲಿ. ಮನೆಯವರ ಕೀಲಿ ಸಾಮಾನ್ಯವಾಗಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊಬೈಲಿನಿಂದ ಒಳಹೊಕ್ಕು ನೋಡಬಹುದು. ಲ್ಯಾಪ್‌ಟಾಪು ಆರೋಗ್ಯವಾಗಿರುವ ದಿನವೇ ಅದನ್ನು ಒಂದು ಕಾಗದದಲ್ಲಿ ಬರೆದು, ಮನೆಯ ಪತ್ರಗಳಿರುವ ಬೀರುವಿನಲ್ಲಿಡಿ. ಆ ಖಾತೆಯನ್ನು ತೆರೆದುಕೊಟ್ಟವರು ಅಂಗಡಿಯವರೋ, ಈಗ ಹೊರದೇಶದಲ್ಲಿರುವ ಅಳಿಯನೋ ಆಗಿದ್ದರೆ, ಅದರ ಹೆಸರು, ಗುಪ್ತಪದಗಳನ್ನು ಇಂದೇ ಕೇಳಿಟ್ಟುಕೊಳ್ಳುವುದು ಕ್ಷೇಮ.

ಅಂಗಡಿಗೆ ಹೋಗಲೇಬೇಕಾಗಿ ಬಂದರೆ, ಯಂತ್ರ ಯಾವ ಹಂತದಲ್ಲಿ ನಿಲ್ಲುತ್ತದೆ, ಪರದೆಯ ಮೇಲೆ ಏನು ಬರುತ್ತದೆ ಎಂಬುದನ್ನು ಬರೆದುಕೊಂಡು ಹೋಗಿ. ಮೊಬೈಲಿನಲ್ಲಿ ಪರದೆಯ ಚಿತ್ರ ತೆಗೆದುಕೊಂಡರೆ ಇನ್ನೂ ಒಳ್ಳೆಯದು. 'ಒಳಗಿನ ಕಡತಗಳು ಬೇಕು, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು' ಎಂಬ ಮಾತನ್ನು ಬಾಯಲ್ಲಿ ಹೇಳಿದರೆ ಸಾಲದು, ಅವರ ರಸೀದಿಯ ಮೇಲೆಯೇ ಬರೆಯಿಸಿ. ಹೊಸ ಡಿಸ್ಕು ಹಾಕಿದರೆ ಹಳೆಯದನ್ನು ಕೇಳಿ ಪಡೆಯಿರಿ. ಅದು ನಿಮ್ಮ ಸೊತ್ತು. ಇಂದು ಓದಲು ಬಾರದ ಡಿಸ್ಕಿನಿಂದ ಬೇರೆ ಕೈಗೆ ಕಡತಗಳು ಸಿಗಬಹುದು, ಮತ್ತು ಅದರಲ್ಲಿ ನಿಮ್ಮ ಬ್ಯಾಂಕಿನ ಕಾಗದಗಳೂ ಇವೆ. ಆದರೆ ಡಿಸ್ಕನ್ನೂ ಬೋರ್ಡಿಗೇ ಬೆಸೆದಿರುವ ಕೆಲವು ತೆಳು ಯಂತ್ರಗಳಲ್ಲಿ ಹೀಗೆ ಬೇರೆ ತೆಗೆದು ಕೊಡಲು ಬರುವುದಿಲ್ಲ. ಅಲ್ಲಿ ಬ್ಯಾಂಕಿನ ಕಾಗದಗಳು ಹಳೆಯ ಬೋರ್ಡಿನೊಂದಿಗೇ ಇರುತ್ತವೆಯಾದ್ದರಿಂದ, ಬೋರ್ಡನ್ನೇ ಬದಲಿಸಿದಾಗ ಹಳೆಯ ಬೋರ್ಡನ್ನು ಕೇಳಬೇಕು.